ಸಲಹೆಗೆ ಮಾತ್ರ ಇರುವ ನಂಬರು

ಮಹಾಪೆಯ ಗಾಜಿನ ಕಟ್ಟಡದ ಮೂರನೇ ಮಾಳಿಗೆಯಲ್ಲಿ ಜಯಲತಾಳ ಕೆಲಸ ಇಷ್ಟೇ: ಲ್ಯಾಪ್‌ಟಾಪ್ ಹೇಗಿದ್ದರೆ ಚೆನ್ನ ಎಂದು ಫೋನಿನಲ್ಲಿ ಕನ್ನಡದವರು ಹೇಳಿದ್ದನ್ನು ಪರದೆಯ ಇಂಗ್ಲಿಷ್ ಪಟ್ಟಿಯಲ್ಲಿ ಹುಡುಕಿ ಒತ್ತುವುದು. ಮುಂದಿನ ಮಾಡೆಲ್ಲಿಗೆ ಗಿರಾಕಿಗಳ ಸಲಹೆ ಬೇಕೆಂದು ಕಂಪನಿ ೨೦೧೨ರಲ್ಲಿ ಒಂದು ನಂಬರು ತೆರೆದಿತ್ತು. ಕೀಲಿಗಳಿಗೆ ಬೆಳಕಿರಲಿ, ತೂಕ ಇಳಿಸಿ, ಗುಲಾಬಿ ಬಣ್ಣದ್ದು ಕೊಡಿ. ಒಂದು ಕರೆಗೆ ಮೂರು ನಿಮಿಷ, ಹೆಚ್ಚಿಲ್ಲ. ದೂರು ಬಂದರೆ ದೂರಿನ ಲೈನಿಗೆ ದಾಟಿಸಬೇಕು. ರಿಪೇರಿಯ ವಿಷಯಕ್ಕೆ ಬಾಯಿ ಬಿಡುವಂತಿಲ್ಲ.

ಆ ತಿಂಗಳು ಎರಡು ಸಲ ಮೂರು ನಿಮಿಷ ಮೀರಿ ಮೆಮೊ ತಿಂದಿದ್ದಳು. ಇನ್ನೊಂದು ಬಂದರೆ ರಾತ್ರಿ ಪಾಳಿ. ಗಂಡ ದಯಾನಂದ ಠಾಣೆಯ ಹೋಟೆಲಿನ ಗಲ್ಲೆಯ ಲೆಕ್ಕ ಮುಚ್ಚಿ ಬರುವಾಗ ಹೊತ್ತು ಮೀರಿರುತ್ತಿತ್ತು. ಅಲ್ಲಿಯವರೆಗೆ ಡೊಂಬಿವಲಿಯ ಬಾಡಿಗೆ ಖೋಲಿಯಲ್ಲಿ ಒಂಬತ್ತು ವರ್ಷದ ಮಗಳು ತೃಷಾಳನ್ನು ಒಬ್ಬಳನ್ನೇ ಬಿಡುವುದು ಹೇಗೆ?

ಸೋಮವಾರ ಆ ಕರೆ ಬಂತು.

"ಅಕ್ಕಾರ, ನಾ ಹುಲಗಪ್ಪ ರೀ, ಭಿವಂಡಿಯಿಂದ. ಗೋದಾಮಿನ್ಯಾಗ ನಿಮ್ಮ ಲ್ಯಾಪ್‌ಟಾಪ್ ಡಬ್ಬಿನ ಹೊರತೀನ್ರಿ."

"ನಿಮ್ಮ ಸಲಹೆ ಹೇಳಿ."

"ಮಗಳ ಲ್ಯಾಪ್‌ಟಾಪ್ ಹೊಟ್ಟಿ ಉಬ್ಬೈತ್ರಿ. ಇಟ್ರ ಗಡಿಗಿ ಇಟ್ಟಂಗ ಅಲ್ಲಾಡತದ. ತೊಡಿ ಸುಡತದ ಅಂತಾಳ ನಮ್ಮ ಪದ್ಮಾವತಿ. ಡಿಪ್ಲೊಮಾ ಓದತಾಳ್ರಿ."

"ಇದು ದೂರಾಯ್ತಲ್ಲ. ಆ ಲೈನಿಗೆ ಕೊಡ್ತೇನೆ."

"ಬ್ಯಾಡ್ರಿ! ಅಲ್ಲಿ ಮೂರು ಸಲ ಹಚ್ಚೀನಿ. ಬಿಲ್ ನಂಬರ ಒತ್ತು ಅಂತದ ಮಿಷನ್ನು. ಡಬ್ಬಿ ಹರದ ಪೀಸ್ ಅಂತ ಗೋದಾಮಿನ ಸೇಠ ಕೊಟ್ಟದ್ದು, ಬಿಲ್ ಎಲ್ಲಿಂದ ತರ್ಲಿ? ಸಲಹೆ ಯಾರರೆ ಕೊಡಬಹುದು ಅಂತ ಡಬ್ಬಿ ಮ್ಯಾಲ ಬರದಾರಂತ, ಮಗಳ ಓದಿ ಹೇಳಿದ್ಲು. ಬ್ಯಾಟರಿ ಉಬ್ಬಬಾರದು. ಇದ ನನ್ನ ಸಲಹೆ. ಬರಕೊಳ್ರಿ."

ಜಯಲತಾಳಿಗೆ ನಗು ಬಂತು. ಬಂದಷ್ಟೇ ಬೇಗ ಹೋಯಿತು. ಉಬ್ಬಿದ ಬ್ಯಾಟರಿ ಯಾವ ಗಳಿಗೆಯಲ್ಲೂ ಹೊತ್ತಿಕೊಳ್ಳಬಹುದೆಂದು ಕೆಳಗಿನ ಮಾಳಿಗೆಯ ರಿಪೇರಿಯವರು ಹೇಳಿದ್ದನ್ನು ಅವಳು ಕೇಳಿದ್ದಳು. ಇನ್ನು ಅದನ್ನು ಮುಟ್ಟಬೇಡಿ ಎನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಸೂಪರ್‌ವೈಸರ್ ಜಯೇಶ್ ಬಂದು ಕುರ್ಚಿಯ ಹಿಂದೆ ನಿಂತ.

"ಜಯಕ್ಕ, ತಾಳಮದ್ದಳೆ ಸುರು ಮಾಡಿದ್ರಾ? ಟೈಮ್ ನೋಡಿ, ಟೈಮ್."

ಅವಳು ಕೊನೆಯಲ್ಲಿ ಹೇಳಲೇಬೇಕಾದ ಸಾಲನ್ನು ಓದಿಬಿಟ್ಟಳು: "ನಿಮ್ಮ ಅಮೂಲ್ಯ ಸಲಹೆಯನ್ನು ದಾಖಲಿಸಿದ್ದೇವೆ. ಕಂಪನಿ ಸೂಕ್ತ ಕ್ರಮ ಕೈಗೊಳ್ಳುತ್ತದೆ."

"ದೊಡ್ಡ ಉಪಕಾರ ಆತ್ರಿ ಅಕ್ಕಾರ."

ಪರದೆಯ ಪಟ್ಟಿಯಲ್ಲಿ ಉಬ್ಬುವುದಕ್ಕೆ ಜಾಗವಿರಲಿಲ್ಲ. 'ಬ್ಯಾಟರಿ ಇನ್ನೂ ತೆಳ್ಳಗಿರಬೇಕು' ಎಂಬುದನ್ನು ಒತ್ತಿದಳು.

ಮನೆಗೆ ಹೋಗುವ ರೈಲಿನಲ್ಲಿ ಮನಸ್ಸು ಕೊರೆಯಿತು. ಮರುದಿನ ಜಯೇಶನ ಹತ್ತಿರ ಹುಲಗಪ್ಪನ ನಂಬರು ಕೇಳಿದಳು; ಕರೆ ತೆಗೆಯುವವರ ಪರದೆಯಲ್ಲಿ ನಂಬರಿನ ಬದಲು ಬರೀ ಚುಕ್ಕಿ ಕಾಣುತ್ತಿತ್ತು.

"ಯಾಕೆ, ನಿಮ್ಮ ಸೋದರಮಾವನಾ ಅವನು? ಛೋಡೋ ನಾ ಅಕ್ಕ. ನನ್ನ ನೌಕರಿ ತೆಗೀಬೇಡಿ."

ಬಿಟ್ಟಳು. ಅಷ್ಟು ಬಿಸಿಯಾದದ್ದನ್ನು ಯಾರು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ, ಅವರಿಗೂ ತಿಳಿಯುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು.

ಹನ್ನೊಂದು ದಿನ ಕಳೆದು ಅದೇ ದನಿ ಮತ್ತೆ ಕೇಳಿತು, ಈ ಸಲ ತಗ್ಗಿ.

"ಹುಲಗಪ್ಪ ರೀ ಅಕ್ಕಾರ. ಮೊನ್ನೆ ಹೊಗಿ ಬಂದು ಢಬ್ ಅಂತ್ರಿ. ಪದ್ಮಾಂದು ಎರಡೂ ಅಂಗೈ ಸುಟ್ಟಾವ. ದವಾಖಾನ್ಯಾಗ ಅದಾಳ."

"ಅಯ್ಯೋ ದೇವರೇ! ಅದನ್ನು ಬಳಸೋದು ಬಿಡ್ಲಿಲ್ವಾ ನೀವು?"

"ಅಕಿ ಬಿಟ್ಟಿದ್ಲ್ರಿ, ಹೆದರಿ. ನಾನ ಅಂದೆ, ಕನ್ನಡದ ಅಕ್ಕಾರು ಬರಕೊಂಡಾರ, ಕ್ರಮ ತಗೋತೀವಿ ಅಂದಾರ. ಅಪಾಯ ಇದ್ದಿದ್ರ ಅವ್ರು ಹೇಳತಿದ್ದಿಲ್ಲೇನು? ಓದು ಮಗಳ, ಅಂದೆ."

ಜಯಲತಾ ಪರದೆಯ ಮೇಲಿನ ಪಟ್ಟಿಯನ್ನು ಮುಚ್ಚಿದಳು.

"ಈಗ ಇನ್ನೊಂದ ಸಲಹೆ ಐತ್ರಿ. ಲ್ಯಾಪ್‌ಟಾಪಿನ ತಳದಾಗ ಕನ್ನಡದಾಗ, ಮರಾಠ್ಯಾಗ ಬರೀರಿ, ಉಬ್ಬಿದ್ರ ಮುಟ್ಟಬ್ಯಾಡ್ರಿ ಅಂತ. ಗೋದಾಮಿನ್ಯಾಗ ಇನ್ನೂ ನಾನೂರು ಡಬ್ಬಿ ಅದಾವ. ನಾಳೆ ನಾನ ಹೊರಬೇಕು."

"ಹುಲಗಪ್ಪಣ್ಣ," ಎಂದಳು. ಜಯೇಶ್ ಎದ್ದು ಬರುತ್ತಿದ್ದ. "ನಂಗೆ ಗೊತ್ತಿತ್ತು. ಆವತ್ತೇ ಗೊತ್ತಿತ್ತು."



"ಮತ್ತ ಯಾಕ ಹೇಳ್ಲಿಲ್ರಿ?"

ಬೈಗುಳವಲ್ಲ, ನಿಜವಾಗಿ ಕೇಳುತ್ತಿದ್ದ. ಅಂಗೈಗೆ ಪಟ್ಟಿ ಕಟ್ಟಬೇಕು, ಮಗಳನ್ನು ಕರೆತನ್ನಿ ಎಂದು ಅವನ ಹಿಂದೆ ಯಾರೋ ಮರಾಠಿಯಲ್ಲಿ ಕೂಗುತ್ತಿದ್ದರು. ಹುಲಗಪ್ಪ ಫೋನು ಇಡಲಿಲ್ಲ, ಅವಳ ಉತ್ತರಕ್ಕೆ ಕಾಯುತ್ತಿದ್ದ.