ಚಾಪೆಯ ಕೆಳಗೆ

"ಅಣ್ಣಾ, ಬಾಯಿ ಮುಚ್ಕೊಂಡು ಕೂತ್ಕೋ," ಎಂದು ಸೇಫೋ ಪಿಸುಗುಟ್ಟಿದ. "ಚಾಪೆ ಕೆಳಗೆ ಕೂತವರು ಮಾತಾಡಬಾರದು."

"ನಾನು ದೇವರ ಹತ್ರ ಮಾತಾಡ್ತಿದೀನಿ."

"ದೇವರಿಗೇನು ಕಿವುಡಾ?"

ಚರ್ಚಿನ ಹಿರಿಯನಾದ ಎಲಿಸಾಯಾ ದನಿ ತಗ್ಗಿಸಿ ಪ್ರಾರ್ಥನೆ ಮುಂದುವರಿಸಿದ. ಅಣ್ಣತಮ್ಮ ಇಬ್ಬರೂ ನಸುಕಿನಿಂದ ಮಕೆರಿತಾಳ ಅಂಗಳದಲ್ಲಿ ಮೊಣಕಾಲೂರಿ, ತಲೆ ತಗ್ಗಿಸಿ ಕೂತಿದ್ದರು. ದ್ವೀಪದ ಪದ್ಧತಿಯಂತೆ ತಲೆಯ ಮೇಲೆ ತಮ್ಮ ಅಜ್ಜಿ ಹೆಣೆದ ಚಾಪೆ ಹೊದ್ದಿದ್ದರು. ಮೂರು ದಿನದ ಹಿಂದೆ ಎಲಿಸಾಯಾನ ಮಗ ಫಿಲಿಪೋ ಕುಡಿದು ಪಿಕಪ್ ಓಡಿಸಿ, ತೋಟದಿಂದ ಬರುತ್ತಿದ್ದ ಮಕೆರಿತಾಳ ಗಂಡ ತವಿತಾನ ಮೇಲೆ ಹತ್ತಿಸಿದ್ದ. ತವಿತಾ ಅಲ್ಲೇ ಸತ್ತಿದ್ದ. ಈ ಮನೆಯವರು ಬಂದು ಚಾಪೆ ಎತ್ತಿದರೆ ಕ್ಷಮೆ. ಎತ್ತದಿದ್ದರೆ, ಜೈಲಿನಿಂದ ಬಿಟ್ಟರೂ ಫಿಲಿಪೋ ಈ ಊರಿಗೆ ಕಾಲಿಡುವಂತಿಲ್ಲ.

ಕಂಬಗಳ ಮೇಲಷ್ಟೇ ನಿಂತ ಗೋಡೆಯಿಲ್ಲದ ಮನೆಯಲ್ಲಿ ಯಾರೋ ಎದ್ದ ಸದ್ದಾಯಿತು. ಚಾಪೆಯ ಅಂಚಿನಾಚೆ ಎರಡು ಬರಿಗಾಲು ಕಾಣಿಸಿದವು. ಹೆಂಗಸಿನವು, ನಿಧಾನವಾಗಿ ಇತ್ತಲೇ ಬರುತ್ತಿದ್ದವು. ಎಲಿಸಾಯಾನ ದನಿ ಏರಿತು. "ಸಮುದ್ರಗಳನ್ನು ಅಂಗೈಯಲ್ಲಿ ಅಳೆಯುವ ತಂದೆಯೇ, ಧೂಳಿಗಿಂತ ಧೂಳಾದ ನಿನ್ನ ದಾಸನ ಮೊರೆಯನ್ನು..." ಭಾನುವಾರಗಳಲ್ಲಿ ಇಡೀ ಸಭೆ ನಿಟ್ಟುಸಿರು ಬಿಡುತ್ತಿದ್ದದ್ದು ಇದೇ ಮಾತಿಗೆ.

ಕಾಲುಗಳು ನಿಂತವು.

"ಹಿರಿಯರೇ," ಎಂದಳು ಮಕೆರಿತಾ. "ಇದನ್ನ ಹದಿನೈದು ವರ್ಷದಿಂದ ಕೇಳಿದೀವಿ. ಕೊನೇ ಬೆಂಚಲ್ಲಿ ಕೂತು ನಮ್ಮೋನು ತೂಕಡಿಸ್ತಿದ್ದ, ನಾನು ಚಿವುಟ್ತಿದ್ದೆ. ಚೆನ್ನಾಗೇ ಇದೆ, ನೀವು ಮುಗಿಸ್ಕೊಳ್ಳಿ."

ಕಾಲುಗಳು ತಿರುಗಿ ಹೋದವು.

"ಆಯ್ತಾ? ಸಮಾಧಾನ ಆಯ್ತಾ?" ಎಂದ ಸೇಫೋ.

ಬಿಸಿಲೇರಿತು. ಚಾಪೆಯೊಳಗೆ ಉಸಿರು ಬೇಯತೊಡಗಿತು. ಎಲಿಸಾಯಾ ಮನಸ್ಸಿನಲ್ಲೇ ಪ್ರಾರ್ಥಿಸಲು ನೋಡಿದ. ಆದರೆ ಒಳಗೂ ಅದೇ ದನಿ. ಎಲ್ಲಿ ತಗ್ಗಬೇಕು, ಎಲ್ಲಿ ನಡುಗಬೇಕು ಎಂದು ಬಲ್ಲ ದನಿ. ದಾಸ ಎಂದ, ಅದೂ ವೇಷ ಎನ್ನಿಸಿತು. ಪಾಪಿ ಎಂದ, ಅದನ್ನೂ ಎಷ್ಟು ಸೊಗಸಾಗಿ ಹೇಳಿದೆನೆಂದು ತಾನೇ ಕಿವಿಗೊಟ್ಟು ಕೇಳುತ್ತಿದ್ದ. ಅರ್ಧ ಗಂಟೆಯ ಪ್ರಾರ್ಥನೆಗಳಲ್ಲಿ ದ್ವೀಪಗಳನ್ನು, ಮಂತ್ರಿಗಳನ್ನು, ಸಮುದ್ರದಾಚೆ ದುಡಿಯುವ ಮಕ್ಕಳನ್ನು ಹೆಸರು ಹಿಡಿದು ದೇವರಿಗೆ ಒಪ್ಪಿಸಿದ್ದ. ತವಿತಾನ ಹೆಸರು? ಒಮ್ಮೆಯಾದರೂ? ನೆನಪಾಗಲಿಲ್ಲ. ಅವನ ಮುಖವನ್ನು ಕಣ್ಣೆದುರು ತರಲು ನೋಡಿದ. ತೂಕಡಿಸುವ ಒಂದು ನೆತ್ತಿ ಮಾತ್ರ ಕಂಡಿತು.

ಮಧ್ಯಾಹ್ನ ಸೇಫೋ ಪಕ್ಕಕ್ಕೆ ವಾಲಿದ. ಎಲಿಸಾಯಾ ಭುಜ ಕೊಟ್ಟ. ಅಂಗಳಕ್ಕೆ ಹರಡಿದ್ದ ಹವಳದ ಕಲ್ಲುಚೂರುಗಳು ಮೊಣಕಾಲಿನ ಚರ್ಮ ಹರಿದಿದ್ದವು. ನೊಣಗಳು ಬಂದು ಕೂತವು, ಓಡಿಸಲಿಲ್ಲ.

ಕಾಲುಗಳು ಮತ್ತೆ ಬಂದವು. ಬಹಳ ಹೊತ್ತು ನಿಂತವು.

"ಮುಗೀತಾ?"

ಎಲಿಸಾಯಾ ಬಾಯಿ ತೆರೆದ. ನಾಲಿಗೆ ಅಂಗುಳಿಗೆ ಅಂಟಿತ್ತು. "ಬರ್ತಿಲ್ಲಮ್ಮ," ಎಂದ. "ಏನೂ ಬರ್ತಿಲ್ಲ."

ಕಾಲುಗಳಿದ್ದಲ್ಲಿ ಅವಳ ಎರಡು ಮೊಣಕಾಲು ನೆಲಕ್ಕೂರಿದವು. ಚಾಪೆಯ ಅಂಚಿನ ಕೆಳಗೆ ನಾಲ್ಕು ಬೆರಳು ತೂರಿಬಂದವು. ಉಗುರಿನ ಸಂದಿಯಲ್ಲಿ ಗೋರಿಯ ಮಣ್ಣು ಇನ್ನೂ ಇತ್ತು. ಬೆರಳುಗಳು ಚಾಪೆಯನ್ನು ಎತ್ತಲಿಲ್ಲ. ಹಿಂದಕ್ಕೂ ಹೋಗಲಿಲ್ಲ.