ಮೊಬೈಲು ಕೇಳಿದ ಒಡಪು

ಮಲ್ಲಯ್ಯನ ಗುಡಿಯಲ್ಲಿ ಪ್ರಸಾದ ಸೇವೆಗೆ ಹೆಸರು ಕೊಡುವುದು ಇನ್ನು ಮೊಬೈಲಿನಲ್ಲೇ ಎಂದು ಕೇಳಿ ರುದ್ರವ್ವ ಚಿಂತೆಗೆ ಬಿದ್ದಳು. ನಾಳೆ ಗಂಡನ ವರ್ಷದ ತಿಥಿ. ಇಂದು ಸಂಜೆಯೊಳಗೆ ಅವರ ಹೆಸರು ಸೇರದಿದ್ದರೆ ನಾಳೆ ದೇವರ ಮುಂದೆ ಪೂಜಾರಿ ಅದನ್ನು ಓದುವುದಿಲ್ಲ.

ಪುಣ್ಯಕ್ಕೆ ಆ ಆ್ಯಪು ಮಾಡಿದ ಅಮೋಘ ಮೇಲಿನ ಮನೆಯಲ್ಲೇ ಇದ್ದ. ಮೈಸೂರಿನ ಹುಡುಗ, ಇಲ್ಲೇ ಪುಣೆಯ ಕಂಪನಿಯೊಂದರಲ್ಲಿ ಕೆಲಸ, ಗುಡಿಗೆ ಇದು ಅವನ ಪುಕ್ಕಟೆ ಸೇವೆ.

"ಟೈಪ್ ಮಾಡೋದೇ ಬೇಡ ಅಜ್ಜಿ. ಬರೀ ಮಾತಾಡಿ, ಅದೇ ಬರ್ಕೊಳ್ಳತ್ತೆ," ಎಂದು ಹೆಮ್ಮೆಯಿಂದ ಫೋನು ಕೈಗಿಟ್ಟ.

"ಯಾರ ಹೆಸರಿನಲ್ಲಿ ಸೇವೆ? ಹೆಸರು ಹೇಳಿ," ಎಂದಿತು ಫೋನು.

ಫೋನು ಮತ್ತೆ ಕೇಳಿತು. ರುದ್ರವ್ವ ಅದನ್ನೆತ್ತಿ, ಮಾಲೆ ಹಾಕಿದ್ದ ಗಂಡನ ಫೋಟೋದ ಕಡೆ ತಿರುಗಿಸಿ ಹಿಡಿದಳು.

"ಅದಕ್ಕೆ ಕಣ್ಣಿಲ್ಲ ಅಜ್ಜಿ, ಕಿವಿ ಮಾತ್ರ."

ಅಡುಗೆಮನೆಯಲ್ಲಿ ಸೊಸೆ ನೀತಾ ನಕ್ಕಳು. "ಅತ್ತಿ ಗಂಡನ ಹೆಸರ ಹೇಳೂದಿಲ್ಲಪಾ. ಪ್ರಾಸ ಕಟ್ಟಿ ಒಡಪಿನಾಗ ಹೇಳಿದ್ದ ಬಿಟ್ರ ಎಂದೂ ಹೇಳಿಲ್ಲ."

"ಹಾಗಾದ್ರೆ ನೀವೇ ಹೇಳಿ ಆಂಟಿ."

"ಮಾವನ ಹೆಸರ ನಾ ಹೆಂಗ ಹೇಳ್ಲಿ? ಇದನ್ನ ಮಾಡೂಮುಂದ ಒಬ್ಬ ಅವ್ವನ್ನರೆ ಕೇಳಿದ್ದೇನು?"

"ನಾನು ಕೋಡ್ ಬರೆಯೋನು. ಜನ ಹೇಗೆ ಬಳಸ್ತಾರೆ ಅಂತ ನೋಡೋದು ಡಿಸೈನ್‌ನವರ ಕೆಲಸ."

"ಚಲೋ ಆತು. ಅಡಗಿ ಮಾಡಾಕಿ ನಾ, ರುಚಿ ನೋಡೂದು ಬ್ಯಾರೆಯವ್ರ ಕೆಲಸ ಅಂದಂಗ."

ಅಮೋಘನ ಮುಖ ಸಣ್ಣದಾಯಿತು. "ಕೊಡಿ ಅಜ್ಜಿ, ನಾನೇ ಹಾಕ್ತೀನಿ."

ರುದ್ರವ್ವ ಫೋನು ಬಿಡಲಿಲ್ಲ. ಸೇವೆ ತನ್ನದು. ಮದುವೆಮನೆಗಳಲ್ಲಿ ಹೆಂಗಸರು ಬಾಗಿಲು ತಡೆದು ಒಡಪು ಹೇಳೆಂದು ಕಾಡಿದಾಗ ಗಂಡ ಕಂಬದ ಮರೆಗೆ ನಿಂತು ನಗುತ್ತ ಕೇಳುತ್ತಿದ್ದರು. ಆ ನಗು ಕಣ್ಣಿಗೆ ಕಟ್ಟಿತು. ಸೆರಗು ಸರಿಮಾಡಿಕೊಂಡು ಫೋನನ್ನು ಬಾಯಿಯ ಹತ್ತಿರ ತಂದಳು:

"ಕಾತ್ರಜ ಘಾಟಿನಾಗ ತಿರುವು ಸಾವಿರ,
ಫಕೀರಪ್ಪನವರು ಎಲ್ಲಿದ್ರೂ ನನಗ ಹತ್ತಿರ."

"ಬರೆದುಕೊಂಡೆ," ಎಂದಿತು ಫೋನು.

ಅಮೋಘ ಇಣುಕಿದ. "ಪೂರ್ತಿ ತಗೊಂಡುಬಿಟ್ಟಿದೆ ಅಜ್ಜಿ. ಬರೀ ಹೆಸರು ಉಳಿಸ್ತೀನಿ."

"ಇರ್ಲಿ ಬಿಡೋ. ಬರೇ ಹೆಸರಿಗೆ ಅವ್ರು ಎಂದೂ ಓ ಅಂದವರಲ್ಲ."

ಮರುದಿನ ಗುಡಿಯಲ್ಲಿ ಅಮೋಘ ಮುದುಕಿಯರ ಸಾಲಿನಲ್ಲೇ ಕೂತಿದ್ದ. "ನಿಮ್ಮ ಫೋನಲ್ಲಿ ಮಾಡಿ ತೋರ್ಸಿ, ನಾನು ಸುಮ್ನೆ ನೋಡ್ತೀನಿ," ಎಂದು ಪಕ್ಕದಲ್ಲಿದ್ದ ಕೃಷ್ಣಾಬಾಯಿಯನ್ನು ಕೇಳುತ್ತಿದ್ದ. ಅಷ್ಟರಲ್ಲಿ ಪೂಜಾರಿ ಹೆಸರು ಓದತೊಡಗಿದರು. ಸರಸರ ಓದುತ್ತಿದ್ದವರು ಒಂದು ಕಡೆ ತಡೆದು, ಕನ್ನಡಕ ಏರಿಸಿ, ಕಾತ್ರಜ ಘಾಟನ್ನೂ ಬಿಡದೆ ಇಡೀ ಒಡಪನ್ನು ನಿಧಾನವಾಗಿ ಓದಿದರು. ಹೆಂಗಸರ ಸಾಲಿನಲ್ಲಿ ನಗು ಹರಿಯಿತು. ರುದ್ರವ್ವ ಹೊಸ ಮದುಮಗಳ ಹಾಗೆ ಬಾಯಿಗೆ ಸೆರಗು ಹಿಡಿದಳು; ಅದರ ತುದಿಯಿಂದಲೇ ಕಣ್ಣೂ ಒರೆಸಿಕೊಂಡಳು.