ಕಾಮನಬಿಲ್ಲಿನ ಕಾಲು

ಕವಾಯಿ ದ್ವೀಪದ ಆ ಕಣಿವೆಯಲ್ಲಿ ಕಾಮನಬಿಲ್ಲಿಗೆ ಬರವಿಲ್ಲ. ಹೊಸಬರು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಊರಿನವರು ಮಳೆ ಬಂತೆಂದು ಒಣಗಲು ಹಾಕಿದ ಬಟ್ಟೆ ಒಳಗೆ ತರುತ್ತಾರೆ. ಅಂಥ ಊರಿನಲ್ಲಿ ಒಂದೇ ಒಂದು ಕಾಮನಬಿಲ್ಲಿನ ಸಲುವಾಗಿ ಇಬ್ಬರು ಅಕ್ಕತಂಗಿಯರು ಮಾತು ಬಿಟ್ಟರೆಂದರೆ ಯಾರಿಗಾದರೂ ನಗು ಬರಬೇಕು. ತಂಗಿ ಮೋಮಿಗೆ ಮಾತ್ರ ನಗು ಬರುತ್ತಿರಲಿಲ್ಲ.

ಸಾಯುವ ಮುಂಚೆ ಅವರ ಅಮ್ಮ ಹೇಳಿದ್ದು ಇಷ್ಟೇ: "ನನ್ನ ಬೂದಿ ಎಲ್ಲಿ ಹೂಳೋದು ಅಂತ ಈಗ್ಲೇ ಕಿತ್ತಾಡ್ಬೇಡ್ರೇ. ಕಾಮನಬಿಲ್ಲು ಬರುತ್ತೆ. ಅದು ಕಾಲೂರಿದ್ದನ್ನ ಎಲ್ಲಿ ನೋಡ್ತೀರೋ ಅಲ್ಲಿಡಿ." ಬೂದಿಯ ಪೆಟ್ಟಿಗೆ ಮನೆಗೆ ಬಂದ ಮರುದಿನ ಬೆಳಿಗ್ಗೆಯೇ ಕಾಮನಬಿಲ್ಲು ಬಂತು. ಕಣಿವೆಯ ಪೂರ್ವಕ್ಕೆ ದಿಣ್ಣೆಯ ಮೇಲೊಂದು ರಸ್ತೆಯಿದೆ. ಅದರ ಮೇಲಿನ ತುದಿಯಲ್ಲಿ, ಬೆಟ್ಟದ ಕಡೆಗೆ, ಮೋಮಿ ಪಾಠ ಹೇಳುವ ಶಾಲೆ. ಕೆಳಗೆ, ಸಮುದ್ರದ ಕಡೆಗೆ, ಅಕ್ಕ ಹೌನಾನಿಯ ಮನೆ. ಮೋಮಿ ಶಾಲೆಯ ಅಂಗಳದಲ್ಲಿ ನಿಂತು ನೋಡಿದಾಗ ಬಿಲ್ಲಿನ ಕಾಲು ಅಮ್ಮನ ಕೆಸುವಿನ ಗದ್ದೆಯಲ್ಲಿತ್ತು. ಹೌನಾನಿ ತನ್ನ ಜಗಲಿಯಲ್ಲಿ ನಿಂತು ನೋಡಿದಾಗ ಅದು ಕಡಲ ಅಂಚಿನ ಚರ್ಚಿನ ಹಿಂದೆ, ಅಪ್ಪನ ಸಮಾಧಿಯ ಮೇಲಿತ್ತು.

"ಅಪ್ಪನ ಪಕ್ಕದಲ್ಲಿ ಮಲಗ್ತೀನಿ ಅಂತ ಅಮ್ಮನೇ ತೋರಿಸಿದ್ದಾಳೆ," ಎಂದಳು ಹೌನಾನಿ.

"ಅಪ್ಪನ ಗೊರಕೆ ತಾಳಲಾರದೆ ಗದ್ದೆ ಗುಡಿಸಲಲ್ಲಿ ಮಲಗ್ತಿದ್ದವಳು, ಈಗ ಹೋಗಿ ಅವನ ಪಕ್ಕ ಮಲಗ್ತಾಳಾ? ನಾನು ಕಣ್ಣಾರೆ ನೋಡಿದೀನಿ, ಗದ್ದೇಲಿತ್ತು."

"ಹಾಗಾದ್ರೆ ನಾನೇನು ಕಣ್ಣು ಮುಚ್ಕೊಂಡು ನೋಡಿದ್ನಾ? ಸುಳ್ಳಿ!"

ಅಮ್ಮನ ಮಣ್ಣಿನ ವಿಷಯದಲ್ಲಿ ಸುಳ್ಳಿ ಎನ್ನಿಸಿಕೊಳ್ಳುವುದು ಸಣ್ಣ ಮಾತಲ್ಲ. ಅಂದಿನಿಂದ ಇಬ್ಬರೂ ಮುಖ ಕೊಟ್ಟು ಮಾತಾಡಲಿಲ್ಲ. ಪೆಟ್ಟಿಗೆ ಅಮ್ಮನ ಖಾಲಿ ಮನೆಯಲ್ಲಿ, ಅಡಿಗೆಮನೆಯ ಅಟ್ಟಣೆಯ ಮೇಲೆ ಕುಳಿತಿತ್ತು. ಅಮ್ಮ ಹಾಗೆ ಅಲ್ಲಿ ಅತಂತ್ರವಾಗಿರುವುದು ಮೋಮಿಯನ್ನು ಕೊರೆಯುತ್ತಿತ್ತು. ಆದರೆ ಹಟ ಎಂಬುದು ಆ ಮನೆಯವರಿಗೆ ಹಾಲಿನ ಜೊತೆಗೇ ಬಂದದ್ದು.

ಮಳೆಗಾಲ ಮುಗಿಯುವ ಹೊತ್ತಿಗೆ ಮೂರನೆಯ ತರಗತಿಗೆ ಕಾಮನಬಿಲ್ಲಿನ ಪಾಠ ಬಂತು. ಮೋಮಿ ಪ್ರತಿ ವರ್ಷದಂತೆ ಮಕ್ಕಳನ್ನು ಎಳೆಬಿಸಿಲಿಗೆ ಕರೆದೊಯ್ದು, ಸೂರ್ಯನಿಗೆ ಬೆನ್ನು ಹಾಕಿ ನಿಲ್ಲಿಸಿ, ತೋಟದ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ನೀರು ಚಿಮ್ಮಿಸಿದಳು. ಹನಿಗಳ ನಡುವೆ ಪುಟ್ಟ ಬಿಲ್ಲು ಮೂಡಿತು. ಮಕ್ಕಳು ಕೂಗಿಕೊಂಡರು.

"ಬಿಸಿಲು ನೋಡೋಕೆ ಬಿಳಿ. ಆದ್ರೆ ಅದರೊಳಗೆ ಎಲ್ಲ ಬಣ್ಣಾನೂ ಸೇರ್ಕೊಂಡಿರುತ್ತೆ," ಎಂದಳು ಮೋಮಿ. "ಹನಿಯೊಳಗೆ ನುಗ್ಗುವಾಗ ಬೆಳಕು ಬಾಗುತ್ತೆ. ಕೆಂಪು ಸೋಮಾರಿ, ಸ್ವಲ್ಪ ಬಾಗುತ್ತೆ. ನೇರಳೆ ಚುರುಕು, ಜಾಸ್ತಿ ಬಾಗುತ್ತೆ. ಹಾಗೆ ಬಣ್ಣಗಳು ಬೇರೆ ಬೇರೆ ಆಗ್ತವೆ. ಆಮೇಲೆ ಹನಿಯ ಹಿಂದಿನ ಗೋಡೆಗೆ ಚೆಂಡಿನ ಹಾಗೆ ಬಡಿದು, ಬಂದ ಕಡೆಗೇ ತಿರುಗಿ, ಆಚೆ ಬರುವಾಗ ಇನ್ನೊಂದು ಸಲ ಬಾಗುತ್ತೆ. ಒಂದೊಂದು ಬಣ್ಣಕ್ಕೂ ಅದರದೇ ಓರೆ. ಆ ಓರೆ ತಪ್ಪೋದೇ ಇಲ್ಲ."

"ಕುಮು, ಅದ್ಯಾಕೆ ಬಿಲ್ಲಿನ ಹಾಗೇ ಇರುತ್ತೆ? ಕೋಲಿನ ಹಾಗೆ ಯಾಕಿಲ್ಲ?" ಎಂದ ನಹೋವಾ. ಆ ಶಾಲೆಯಲ್ಲಿ ಟೀಚರನ್ನು ಕುಮು ಎನ್ನುತ್ತಾರೆ.

"ನಿನ್ನ ನೆರಳು ನೋಡು. ತಲೆ ಎಲ್ಲಿದೆ? ಅದೇ ನಡುಮಧ್ಯ. ಅದರ ಸುತ್ತ ಅದೇ ಓರೆಯಲ್ಲಿರೋ ಹನಿಗಳು ಮಾತ್ರ ನಿನ್ನ ಕಣ್ಣಿಗೆ ಬಣ್ಣ ಕಳಿಸ್ತವೆ. ಸುತ್ತ ಅಂದ್ಮೇಲೆ ಬಳೆ ಆಗ್ಲೇಬೇಕಲ್ಲ? ಕೆಳಗಿನ ಅರ್ಧಾನ ನೆಲ ನುಂಗಿಬಿಡುತ್ತೆ."

"ಕಾಲು ಬಕೆಟ್ಟಿನ ಮೇಲಿದೆ!" ಎಂದು ನಹೋವಾ ಬೆರಳು ಮಾಡಿದ.

"ಬಕೆಟ್ಟಲ್ಲ, ಗೋಡೆ ಮೇಲೆ! ಕಣ್ಣು ಕಾಣ್ಸಲ್ವೇನೋ?" ಎಂದಳು ಪಿಕಾಕೆ. ಅವಳು ಹೌನಾನಿಯ ಮೊಮ್ಮಗಳು; ಬಾಯಿ ಅಜ್ಜಿಯದೇ.

"ನೀನೇ ಸುಳ್ಳಿ!"

"ಜಗಳ ಬೇಡ್ರಪ್ಪ, ಇಬ್ರೂ ನಿಜಾನೇ ಹೇಳ್ತಿದೀರ," ಎಂದು ಮೋಮಿ ಪ್ರತಿ ವರ್ಷ ಹೇಳುವುದನ್ನೇ ಹೇಳತೊಡಗಿದಳು. "ನಿನ್ನ ಕಣ್ಣಿಗೆ ಬೆಳಕು ಕಳಿಸೋ ಹನಿ ಬೇರೆ, ಅವನ ಕಣ್ಣಿಗೆ ಕಳಿಸೋದು ಬೇರೆ. ಅವರವರ ಬಿಲ್ಲು ಅವರವರಿಗೆ. ನೀನು ನಡೆದ್ರೆ ಅದೂ ನಿನ್ನ ಜೊತೆ ನಡೆಯುತ್ತೆ. ನೀವಿಬ್ರೂ ಒಂದೇ ಕಡೆ ನೋಡ್ಬೇಕು ಅಂದ್ರೆ, ಭುಜಕ್ಕೆ ಭುಜ ತಾಗಿಸಿ ನಿಂತ್ಕೊಂಡು..."

ಅವಳ ಮಾತು ಅಲ್ಲಿಗೇ ನಿಂತಿತು. ಪೈಪಿನ ನೀರು ಅವಳ ಚಪ್ಪಲಿಯ ಮೇಲೆ ಸುರಿಯುತ್ತಿತ್ತು.

"ಹಾಗಾದ್ರೆ ನಮ್ಮಜ್ಜಿ ಸುಳ್ಳು ಹೇಳ್ಲಿಲ್ಲ," ಎಂದಳು ಪಿಕಾಕೆ, ಇಡೀ ತರಗತಿಗೆ ಕೇಳುವ ಹಾಗೆ.

ಮೋಮಿಯನ್ನು ತಡೆದದ್ದು ಮಗುವಿನ ಆ ಮಾತಲ್ಲ, ಅದಕ್ಕೂ ಮುಂಚೆ ತನ್ನದೇ ಬಾಯಿಂದ ಬಂದ 'ನೀವಿಬ್ರೂ' ಎಂಬ ಪದ. ಅಲ್ಲಿಯ ಭಾಷೆಯಲ್ಲಿ ಒಬ್ಬರಿಗೆ ಹೇಳುವ 'ನೀನು' ಬೇರೆ, ಗುಂಪಿಗೆ ಹೇಳುವ 'ನೀವು' ಬೇರೆ. ಇಬ್ಬರಿಗೆಂದೇ, ಇಬ್ಬರಿಗೆ ಮಾತ್ರ ಹೇಳಲು 'ಓಲುವಾ' ಎಂಬ ಪದವಿದೆ. ಅಮ್ಮ ಅಂದಿದ್ದು ಅದನ್ನೇ. ಓಲುವಾ ಎಲ್ಲಿ ನೋಡುತ್ತೀರೋ ಅಲ್ಲಿ. ದಿನಕ್ಕೆ ನೂರು ಸಲ ಬಾಯಲ್ಲಿ ಸವೆಯುವ ಪದಕ್ಕೆ ಯಾರು ಕಿವಿಗೊಡುತ್ತಾರೆ? ಇಬ್ಬರು ಹೆಣ್ಣುಮಕ್ಕಳೂ ಅದನ್ನು 'ನೀನು' ಎಂದೇ ಕೇಳಿಸಿಕೊಂಡಿದ್ದರು. ಪಾಠ ಹೇಳುವವಳಿಗೇ ಪಾಠ ಹತ್ತಿರಲಿಲ್ಲ. ಮೋಮಿಗೆ ಕೆನ್ನೆ ಬಿಸಿಯಾಗುವಷ್ಟು ನಾಚಿಕೆಯಾಯಿತು.

ಅಂದು ಸಂಜೆ ಅವಳು ಹೌನಾನಿಯ ಜಗಲಿ ಹತ್ತಿದಳು. ಅಕ್ಕ ಒಣಮೀನು ಬಿಡಿಸುತ್ತಾ ಕುಳಿತಿದ್ದಳು, ತಲೆ ಎತ್ತಲಿಲ್ಲ.

"ಓಹೋ, ಟೀಚರಮ್ಮನ ಸವಾರಿ. ದಾರಿ ತಪ್ಪಿತಾ?"

"ಅಕ್ಕ, ಅವತ್ತು ಚರ್ಚಿನ ಹಿಂದೇನೂ ಇತ್ತು. ಗದ್ದೇಲೂ ಇತ್ತು."

"ಒಂದು ಬಿಲ್ಲು ಎರಡು ಕಡೆ ಹೇಗಿರುತ್ತೆ? ನನಗೇ ಮಂಕುಬೂದಿ ಎರಚ್ತೀಯಾ?"

ಮೋಮಿ ಹೇಳಿದಳು. ಹನಿ, ಓರೆ, ತಲೆಯ ನೆರಳು, ಎಲ್ಲವನ್ನೂ. ಮೂರನೆಯ ತರಗತಿಯ ಮಕ್ಕಳಿಗಿಂತ ಹೌನಾನಿ ಕಷ್ಟದ ವಿದ್ಯಾರ್ಥಿ. ಕೊನೆಗೆ ಅಮ್ಮನ ಪದ ಹೇಳಿದಾಗ ಮೀನು ಬಿಡಿಸುತ್ತಿದ್ದ ಕೈ ನಿಂತಿತು.

"ಓಲುವಾ ಅಂತಾನೇ ಅಂದಿದ್ಲು," ಎಂದಳು. "ಹೌದು. ಹಾಗೇ ಅಂದಿದ್ಲು." ಕಣ್ಣು ಒರೆಸಿಕೊಳ್ಳಲು ಹೋದರೆ ಕೈಗೆಲ್ಲಾ ಮೀನಿನ ಉಪ್ಪು. "ಸುಳ್ಳಿ ಅಂದುಬಿಟ್ನಲ್ಲೇ ನಿನ್ನ."

"ನಾನೇನು ಕಡಿಮೆ ಅಂದ್ನಾ? ಬೆಳಿಗ್ಗೆ ಶಾಲೆ ಹತ್ರ ಬಾ. ಒಟ್ಟಿಗೆ ನಿಲ್ಲೋಣ."

ಮೊದಲ ದಿನ ಮಳೆಯಿತ್ತು, ಬಿಸಿಲಿಲ್ಲ. ಮರುದಿನ ಬಿಸಿಲಿತ್ತು, ಮಳೆಯಿಲ್ಲ. ಬೇಡದಾಗ ಬೀದಿಬೀದಿಯಲ್ಲಿ ನಿಲ್ಲುವ ಬಿಲ್ಲು, ಬೇಕೆಂದಾಗ ಅತ್ತೆಮನೆಗೆ ಹೋದ ಮಗಳ ಹಾಗೆ ಬರಲೊಲ್ಲದು. ಅಕ್ಕತಂಗಿಯರು ದಿಣ್ಣೆಯ ರಸ್ತೆಯಲ್ಲಿ ಫ್ಲಾಸ್ಕಿನ ಕಾಫಿ ಕುಡಿದು, ಸತ್ತ ಅಪ್ಪನನ್ನೂ ಬದುಕಿದ್ದ ನೆಂಟರನ್ನೂ ಆಡಿಕೊಂಡು ಮನೆಗೆ ಹೋದರು. ಅಷ್ಟು ಮಾತು ಅವರು ಎಷ್ಟೋ ವರ್ಷದಿಂದ ಆಡಿರಲಿಲ್ಲ.

ಶನಿವಾರ ಬೆಳಿಗ್ಗೆ ಬೆನ್ನಿಗೆ ಬಿಸಿಲು ಬಿತ್ತು. ಎದುರಿಗೆ ಕಣಿವೆಯಲ್ಲಿ ಜಿನುಗು ಮಳೆ ಇಳಿಯಿತು. ಬಿಲ್ಲು ಮೂಡಿತು. ಇಬ್ಬರೂ ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು. ಬಿಲ್ಲಿನ ಬಲಗಾಲು ಗದ್ದೆಯ ನಟ್ಟನಡುವೆ, ಕೆಸುವಿನ ಎಲೆಗಳ ಮೇಲೆ.

ಮೋಮಿ ಹಿಗ್ಗಿದಳು. ಆದರೆ ಪಕ್ಕದಲ್ಲಿ ಅಕ್ಕನ ಭುಜ ಕುಸಿದದ್ದು ಅವಳ ಭುಜಕ್ಕೆ ಗೊತ್ತಾಯಿತು.

"ಸರಿ ಕಣೇ," ಎಂದಳು ಹೌನಾನಿ, ಸಣ್ಣ ದನಿಯಲ್ಲಿ. "ನಾನೂ ನೋಡ್ದೆ. ಗದ್ದೇಲೇ ಇದೆ."

ಗೆದ್ದದ್ದು ಮೋಮಿಗೆ ಬಾಯಿಗೆ ರುಚಿಸಲಿಲ್ಲ. ಇಲ್ಲಿ ಬಂದು ನಿಲ್ಲೋಣ ಎಂದವಳು ಯಾರು? ತಾನೇ. ಬಿಲ್ಲು ಯಾವ ಜಾಗವನ್ನೂ ಆರಿಸುವುದಿಲ್ಲ, ನಿಂತವರು ಆರಿಸುತ್ತಾರೆ. ಅವಳು ಅಕ್ಕನ ಕೈ ಹಿಡಿದಳು.

"ನಡಿ."

"ಎಲ್ಲಿಗೆ?"

"ಸಮುದ್ರದ ಕಡೆಗೆ. ನಾವು ನಡೆದ್ರೆ ಅದೂ ನಡೆಯುತ್ತೆ. ನಿನ್ನ ಚರ್ಚಿನವರೆಗೂ ಕರ್ಕೊಂಡು ಹೋಗೋಣ."

"ಅಮ್ಮನ ವಿಷಯದಲ್ಲಿ ಮೋಸ ಮಾಡ್ತಾರೇನೇ?"

"ಮೋಸ ಎಲ್ಲಿ? ಇಬ್ರೂ ನೋಡ್ತಾನೇ ಇರ್ತೀವಲ್ಲ!"

ಇಳಿಜಾರಿನಲ್ಲಿ ಕೈ ಕೈ ಹಿಡಿದು ನಡೆದರು. ಬಣ್ಣದ ಕಾಲು ಗದ್ದೆಯ ಬದು ದಾಟಿತು, ತೊರೆ ದಾಟಿತು, ಯಾರದೋ ಕೋಳಿಗೂಡನ್ನು ಸವರಿಕೊಂಡು ಮುಂದೆ ಹೋಯಿತು. "ಅಯ್ಯೋ, ನಿಜವಾಗ್ಲೂ ಬರ್ತಿದೆಯಲ್ಲೇ!" ಎಂದು ಅರವತ್ತು ದಾಟಿದ ಹೌನಾನಿ ಚಿಕ್ಕ ಹುಡುಗಿಯಂತೆ ನಕ್ಕಳು. ಮೋಮಿಯೂ ನಕ್ಕಳು. ಚರ್ಚಿನ ಬಿಳಿ ಗೋಡೆ ಬಿಲ್ಲಿನ ಕಾಲಿಗೆ ಹತ್ತಿರವಾಗುತ್ತಿತ್ತು.

ಇನ್ನೇನು ತಲುಪಬೇಕು ಎನ್ನುವಾಗ ಹೌನಾನಿ ಗಕ್ಕನೆ ನಿಂತಳು.

"ಇನ್ನು ಸ್ವಲ್ಪ ದೂರ ಅಷ್ಟೇ, ಅಕ್ಕ."

"ಮೊಣಕಾಲು ನೋವು."

ಹೌನಾನಿಯ ಮೊಣಕಾಲು ಒಂದು ದಿನವೂ ನೊಂದದ್ದಿಲ್ಲ. ಮೋಮಿ ಅವಳ ಮುಖ ನೋಡಿದಳು, ಆಮೇಲೆ ಅವಳು ನೋಡುತ್ತಿದ್ದ ಕಡೆ ನೋಡಿದಳು. ಬಿಲ್ಲಿನ ಕಾಲು ಚರ್ಚಿಗೆ ತುಸು ಈಚೆ, ಅಮ್ಮನ ಮನೆಯ ಹಿತ್ತಲಿನಲ್ಲಿತ್ತು, ದೀವಿಹಲಸಿನ ಮರದ ಮೇಲೆ. ಆ ಮರದ ಬುಡದಲ್ಲಿ, ಅವರಿಬ್ಬರೂ ಹುಟ್ಟಿದಾಗ, ಅಮ್ಮ ತನ್ನ ಕೈಯಾರೆ ಅವರ ಹೊಕ್ಕುಳಬಳ್ಳಿಗಳನ್ನು ಹೂತಿದ್ದಳು. ಮೊದಲು ಒಂದನ್ನು, ಕೆಲವು ವರ್ಷದ ಮೇಲೆ ಅದರ ಪಕ್ಕದಲ್ಲೇ ಇನ್ನೊಂದನ್ನು.

ಮೋಮಿ ಏನೋ ಹೇಳಲು ಅಕ್ಕನ ಎದುರಿಗೆ ಬರಹೋದಳು. ಹೌನಾನಿ ಅವಳ ತೋಳನ್ನು ಗಟ್ಟಿಯಾಗಿ ಹಿಡಿದು ಪಕ್ಕಕ್ಕೆ ಎಳೆದುಕೊಂಡಳು.

"ಅಲ್ಲಾಡ್ಬೇಡ ಕಣೇ," ಎಂದಳು. "ನೀನು ಕದಲಿದ್ರೆ ಅದೂ ಕದಲುತ್ತೆ."